ಎಡತೊಡೆಯ ನೀಲಿ

ಬೆಳಗಿನ ಹಾಲಿನ ಗಾಡಿ ಹೊರಟುಹೋದರೆ ಸಂಜೆಯ ಹಾಲು ಬರುವ ತನಕ ಗುಡೇಮಾರನಹಳ್ಳಿಯ ಡೈರಿಯಲ್ಲಿ ಶಾಂಭವಿಯನ್ನು ಬಿಟ್ಟರೆ ನೊಣಗಳು ಮಾತ್ರ. ಕ್ಯಾನು ತೊಳೆದು ಬೋರಲು ಹಾಕಿ, ನೆಲಕ್ಕೆ ನೀರು ಹೊಡೆದು, ಫ್ಯಾಟ್ ನೋಡುವ ಮಿಷಿನ್ನಿಗೆ ಬಟ್ಟೆ ಮುಚ್ಚಿದರೆ ಸೆಕ್ರೆಟರಿಯ ಬೆಳಗಿನ ಕೆಲಸ ಮುಗಿಯಿತು. ಮನೆಗೆ ಹೋಗಬಹುದಿತ್ತು, ಆದರೆ ಮನೆಗೆ ಹೋದರೆ ಅಲ್ಲಿ ಇನ್ನೊಂದು ಡೈರಿ ಕಾದಿರುತ್ತದೆ, ಸಂಬಳವಿಲ್ಲದ್ದು. ಗಂಡ ಉದಯಶಂಕರ್ ಸೋಲೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಮಧ್ಯಾಹ್ನದ ಊಟಕ್ಕೂ ಬರುವವನಲ್ಲ. ಹಾಗಾಗಿ ಅವಳು ಬಾಗಿಲು ಅರ್ಧ ಎಳೆದುಕೊಂಡು, ಮೂಲೆಯ ಮೇಜಿನ ಮೇಲೆ ತನ್ನ ಹಳೆಯ ಲ್ಯಾಪ್‌ಟಾಪ್ ತೆರೆದು ಚಿತ್ರ ಬರೆಯುತ್ತಿದ್ದಳು.

ಚಿತ್ರ ಅಂದರೆ ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಉಗುರಿನಷ್ಟು ಜಾಗದಲ್ಲಿ ಉದ್ದಕ್ಕೆ ಹದಿನಾರು, ಅಡ್ಡಕ್ಕೆ ಹದಿನಾರು ಸಣ್ಣ ಚೌಕ. ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ ತುಂಬಬೇಕು. ಅಷ್ಟರಲ್ಲೇ ಒಂದು ತೆಂಗಿನ ಮರ, ಒಂದು ಹಂಚಿನ ಮನೆ, ಒಂದು ಹಸು ನಿಲ್ಲಬೇಕು. ಮೊಬೈಲಿನಲ್ಲಿ ಆಡುವ ಆಟಗಳಿಗೆ ಇಂಥ ಚಿತ್ರ ಬೇಕಾಗುತ್ತದೆ. ದೊಡ್ಡ ಕಂಪನಿಗಳು ಕಾಸು ಕೊಟ್ಟು ಬರೆಸಿಕೊಳ್ಳುತ್ತವೆ. ಒಬ್ಬೊಬ್ಬರೇ ಕೂತು ಆಟ ಕಟ್ಟುವ ಬಡಪಾಯಿಗಳು ಎಲ್ಲಿಂದ ತರಬೇಕು? ಅವರಿಗೆಂದೇ ಕೆಲವರು ಬರೆದು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಇಡುತ್ತಾರೆ. ಮದುವೆಗೆ ಮುಂಚೆ ಮಾಗಡಿಯ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆಗೆ ಗಣಪತಿ, ಫ್ಲೆಕ್ಸಿಗೆ ಪುಢಾರಿ ಕೂರಿಸುತ್ತಿದ್ದ ಶಾಂಭವಿ, ಹೇಗೋ ಈ ಕೆಲವರಲ್ಲಿ ಒಬ್ಬಳಾಗಿದ್ದಳು.

ಅವಳು ಬರೆದದ್ದೆಲ್ಲ ಕಣ್ಣೆದುರಿನದೇ. ಸಾವನದುರ್ಗದ ಬಂಡೆ, ಡೈರಿಯ ಬಾಗಿಲಲ್ಲಿ ಬೋರಲು ಹಾಕಿದ ಕ್ಯಾನು, ಸಿಮೆಂಟಿನ ನೀರಿನ ತೊಟ್ಟಿ, ಹೊಂಗೆಮರ, ರಾಗಿ ಮೆದೆ. ಎಲ್ಲವನ್ನೂ ಒಂದು ಕಟ್ಟು ಮಾಡಿ ಇಟ್ಟು, ಕೆಳಗೆ ಒಂದು ಮಾತು ಬರೆದಿದ್ದಳು. ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿಕೊಳ್ಳಿ, ಆಟಕ್ಕೆ ಹಾಕಿ ಮಾರಿಕೊಳ್ಳಿ, ನನ್ನ ಹೆಸರು ಹೇಳುವುದೂ ಬೇಡ. ಈ ಕೊನೆಯ ಮಾತನ್ನು ಓದಿದವರು ಎಂಥ ದೊಡ್ಡ ಮನಸ್ಸು ಅಂದುಕೊಂಡಿರಬೇಕು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಡೈರಿ ಸೆಕ್ರೆಟರಿ ಹಗಲೆಲ್ಲ ಕೂತು ಮಕ್ಕಳಾಟದ ಚಿತ್ರ ಬರೀತಾಳೆ ಅಂತ ಊರಿಗೆ ಗೊತ್ತಾದರೆ ಏನಂದಾರು ಅನ್ನುವ ಅಂಜಿಕೆ, ಅಷ್ಟೇ.

ಮೊದಮೊದಲು ಯಾರಾದರೂ ಅವಳ ತೆಂಗಿನ ಮರವನ್ನು ತೆಗೆದುಕೊಂಡರೆ ದಿನವಿಡೀ ಖುಷಿಯಾಗಿರುತ್ತಿದ್ದಳು. ವರ್ಷಗಳು ಉರುಳಿದ ಮೇಲೆ ಆ ಖುಷಿ ತೆಳ್ಳಗಾಗುತ್ತ ಬಂದು ನೀರು ಬೆರೆಸಿದ ಹಾಲಿನಂತಾಯಿತು. ತೆಗೆದುಕೊಂಡವರು ಸಾವಿರಾರು ಜನ, ಚೆನ್ನಾಗಿದೆ ಅಂದವರು ಬೆರಳೆಣಿಕೆ. ಉಳಿದವರದೆಲ್ಲ ಬೇಡಿಕೆ. ಮನೆಯ ಕಿಟಕಿಯಲ್ಲಿ ದೀಪ ಉರಿಯುವುದಿಲ್ಲ ಯಾಕೆ? ಮರದ ನೆರಳು ತಪ್ಪು ದಿಕ್ಕಿಗಿದೆ. ಹಸು ಮಲಗುವುದಿಲ್ಲವೇ? ಒಬ್ಬನಂತೂ ಇದನ್ನೆಲ್ಲ ಹಿಮ ಬಿದ್ದ ಹಾಗೆ ಇನ್ನೊಂದು ಸಲ ಬರೆದುಕೊಡಿ, ಬೇಗ ಬೇಕು ಅಂದಿದ್ದ. ಮಾಗಡಿ ಸೀಮೆಗೆ ಹಿಮ! ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅನ್ನುವ ಗಾದೆ ಕಟ್ಟಿದವನು ಇಂಟರ್ನೆಟ್ ನೋಡಿರಲಿಲ್ಲ, ನೋಡಿದ್ದರೆ ಇನ್ನೂ ಕೆಟ್ಟದ್ದೇನಾದರೂ ಹೇಳುತ್ತಿದ್ದ. ಶಾಂಭವಿಗೆ ಸಾಕಾಗಿತ್ತು. ನಿಲ್ಲಿಸಿಬಿಡಬೇಕು ಅಂದುಕೊಳ್ಳುತ್ತಲೇ ಹಿಮದ ಮನೆಯನ್ನೂ ಬರೆದುಕೊಟ್ಟಿದ್ದಳು.

ಆ ಕಟ್ಟಿನಲ್ಲಿ ಒಂದು ಕುರಿಯೂ ಇತ್ತು. ಈ ಕಥೆ ಆ ಕುರಿಯದು.

ಡೈರಿಯ ಕಿಟಕಿಯ ಮುಂದೆ ದಿನಾ ಬೆಳಿಗ್ಗೆ ಮಂಚಯ್ಯನ ಮಂದೆ ಗುಡ್ಡದ ಕಡೆಗೆ ಹೋಗುತ್ತದೆ. ಕಿಟಕಿಯಿಂದ ನೋಡಿದರೆ ಬಲದಿಂದ ಎಡಕ್ಕೆ. ಹಾಗಾಗಿ ಅವಳಿಗೆ ಕಾಣುತ್ತಿದ್ದದ್ದು ಪ್ರತಿ ಕುರಿಯ ಎಡಮಗ್ಗುಲು, ಅದರ ಹಿಂದಿನ ತೊಡೆಯ ಮೇಲೆ ಬಳಿದ ನೀಲಿ ಬಣ್ಣದ ಗುರುತು. ಸಂಜೆ ಮಂದೆ ತಿರುಗಿ ಬರುವ ಹೊತ್ತಿಗೆ ಅವಳ ತಲೆ ಕ್ಯಾನಿನೊಳಗಿರುತ್ತಿತ್ತು. ಬಲಮಗ್ಗುಲು ಹೇಗಿರುತ್ತದೆ ಅಂತ ಅವಳು ಒಂದು ದಿನವೂ ನೋಡಿದವಳಲ್ಲ. ಕಂಡದ್ದನ್ನು ಬರೆದಳು. ಬಿಳಿ ಮೈ, ಕಂದು ಮುಖ, ಜೋತ ಕಿವಿ, ತೊಡೆಯ ಮೇಲೆ ನೀಲಿಯ ಮೂರು ಚೌಕ. ಆ ನೀಲಿ ಇಲ್ಲದಿದ್ದರೆ ಕುರಿ ಬರೀ ಹತ್ತಿಯ ಉಂಡೆಯಂತೆ ಕಾಣುತ್ತಿತ್ತು. ನೀಲಿ ಬಿದ್ದ ಮೇಲೆ ಅದಕ್ಕೆ ಜೀವ ಬಂತು, ಅದು ಯಾರದೋ ಕುರಿಯಾಯಿತು.

ಆಟದಲ್ಲಿ ಕುರಿ ಎಡಕ್ಕೂ ನಡೆಯಬೇಕು, ಬಲಕ್ಕೂ ನಡೆಯಬೇಕು. ಎರಡನ್ನೂ ಬೇರೆಬೇರೆ ಬರೆಯುವ ಹುಚ್ಚರು ಕಡಿಮೆ. ಎಡಕ್ಕೆ ಮುಖ ಮಾಡಿದ್ದನ್ನು ಬರೆದುಕೊಟ್ಟರೆ, ಬಲಕ್ಕೆ ತಿರುಗಬೇಕಾದಾಗ ಆಟವೇ ಅದನ್ನು ಕನ್ನಡಿಯಲ್ಲಿ ಹಿಡಿದಂತೆ ಮಗುಚಿ ತೋರಿಸುತ್ತದೆ. ಬರೆಯುವವರಿಗೆ ಅರ್ಧ ಕೆಲಸ ಉಳಿತಾಯ. ಲೋಕವೆಲ್ಲ ಹಾಗೇ ಮಾಡುತ್ತದೆ, ಶಾಂಭವಿಯೂ ಹಾಗೇ ಮಾಡಿದಳು.

ಯಾವ ದೇಶದವನೋ ಒಬ್ಬ ಆ ಕುರಿಯನ್ನು ಹಾಕಿ ಹಳ್ಳಿಯ ಬೇಸಾಯದ ಆಟವೊಂದನ್ನು ಮಾಡಿದ. ಆಟ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಮಾಗಡಿಯ ಕಾಲೇಜಿಗೆ ಹೋಗುವ ಮಂಚಯ್ಯನ ಮಗಳು ಸಿಂಧು ಬಸ್ಸಿನಲ್ಲಿ ಹೊತ್ತು ಹೋಗದೆ ಅದನ್ನು ಹಾಕಿಕೊಂಡಿದ್ದಳು. ಒಂದು ಮಧ್ಯಾಹ್ನ ಅವಳು ಡೈರಿಯ ಅರ್ಧ ಬಾಗಿಲನ್ನು ತಳ್ಳಿಕೊಂಡು ಬಂದವಳೇ ಮೊಬೈಲನ್ನು ಶಾಂಭವಿಯ ಮೂಗಿಗೆ ಹಿಡಿದಳು.

"ಶಾಂಭವಕ್ಕಾ, ಇದು ನಮ್ ಡೈರಿ ತಾನೆ? ಈ ತೊಟ್ಟಿ ನೋಡು, ಈ ಹೊಂಗೆಮರ ನೋಡು. ಈ ಕುರಿ ನೋಡಕ್ಕಾ, ನಮ್ಮ ಕುರಿ! ಯಾರೋ ನಮ್ಮೂರ್ನೇ ಬರ್ದವ್ರೆ."

ಶಾಂಭವಿಗೆ ಸುಳ್ಳು ಹೇಳಬೇಕು ಅನ್ನಿಸಿತು. ಆದರೆ ಇಷ್ಟು ವರ್ಷದಲ್ಲಿ ಅವಳ ಮರವನ್ನು ಇದು ಹೊಂಗೆಮರ ಅಂತ ಗುರುತು ಹಿಡಿದವರು ಇವಳೊಬ್ಬಳೇ. "ನಾನೇ ಬರ್ದಿದ್ದು ಕಣೆ" ಅಂದಳು. ಆ ಒಂದು ಗಳಿಗೆ ಅವಳಿಗೆ ದಣಿವೆಲ್ಲ ಇಳಿದುಹೋಗಿತ್ತು, ಅದನ್ನು ಅಲ್ಲಗಳೆಯಬಾರದು.

ಸಿಂಧು ಮನೆಗೆ ಹೋಗಿ ಅಪ್ಪನಿಗೆ ತೋರಿಸಿದಳು. ಮಂಚಯ್ಯ ಹಿಗ್ಗಿಹೋದ. ಹಿಗ್ಗಿದವನು ಮನೆಯಲ್ಲೇ ಹಿಗ್ಗಿಕೊಂಡು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಮಗಳ ಮೊಬೈಲು ಇಸಿದುಕೊಂಡು ಮನೋಹರನ ಟೀ ಅಂಗಡಿಗೆ ಹೋದ. ಅಲ್ಲಿ ಏನಾಯಿತು ಅನ್ನುವುದನ್ನು ಮಾರನೆಯ ಬೆಳಿಗ್ಗೆ ಹಾಲು ಹಾಕಲು ಬಂದ ಮಂಚಯ್ಯನ ಹೆಂಡತಿ ಮಾಯಮ್ಮ ಶಾಂಭವಿಗೆ ಹೇಳಿದಳು. ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಅದು ತಿಳಿಯಬೇಕಾದರೆ ಗುರುತಿನ ಸಂಗತಿ ಗೊತ್ತಿರಬೇಕು. ಮಂಚಯ್ಯನ ತಂದೆ ಗಂಗಹನುಮಯ್ಯ ಬದುಕಿದ್ದಾಗ ಮಂದೆ ಒಂದೇ ಇತ್ತು, ನೀಲಿಯನ್ನು ಎರಡೂ ತೊಡೆಗೆ ಬಳಿಯುತ್ತಿದ್ದ. ಅವನು ಹೋದ ಮೇಲೆ ಮಂಚಯ್ಯನೂ ಅವನ ತಮ್ಮ ಚಿಕ್ಕರಾಜುವೂ ಪಾಲಾದರು. ಹೊಲ ಪಾಲಾಯಿತು, ಮಂದೆ ಪಾಲಾಯಿತು, ಗುರುತೂ ಪಾಲಾಯಿತು. ಎಡತೊಡೆ ಅಣ್ಣನಿಗೆ, ಬಲತೊಡೆ ತಮ್ಮನಿಗೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರಲ್ಲ, ಪಾಲಾದ ವರ್ಷವೇ ಕೆರೆಯ ಹತ್ತಿರ ಎರಡು ಮಂದೆ ಬೆರೆತುಹೋಗಿ, ಬೇರೆ ಮಾಡುವಾಗ ಚಿಕ್ಕರಾಜುವಿನ ಲೆಕ್ಕಕ್ಕೆ ಕೆಲವು ಕುರಿ ಕಮ್ಮಿ ಬಿದ್ದವು. ಅಣ್ಣನ ಮಂದೆಯ ಕೆಲವು ಕುರಿಗಳ ಬಲತೊಡೆ ಒರೆಸಿದ ಹಾಗಿದೆ, ಎಡತೊಡೆಯ ಬಣ್ಣ ಇನ್ನೂ ಹಸಿಯಾಗಿದೆ ಅಂತ ಯಾರೋ ಅಂದರು. ಮಂಚಯ್ಯ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ. ಅರ್ಧ ಊರು ನಂಬಿತು, ಅರ್ಧ ಊರು ನಂಬಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಕಳ್ಳ ಅನ್ನುವ ಮಾತನ್ನು ಯಾರೂ ಎದುರಿಗೆ ಆಡಲಿಲ್ಲ, ಮಂಚಯ್ಯನಿಗೆ ಕೇಳಿಸದೆಯೂ ಇರಲಿಲ್ಲ.

ಅಂಥವನು ಟೀ ಅಂಗಡಿಯಲ್ಲಿ ಮೊಬೈಲು ಹಿಡಿದು, "ನೋಡ್ರಪ್ಪ, ನಮ್ ಕುರಿ ಫಾರಿನ್‌ಗೋಗೈತೆ. ಎಡತೊಡೆ ನೀಲಿ, ನೋಡ್ಕಳಿ" ಅಂತ ಎಲ್ಲರಿಗೂ ತೋರಿಸಿದ. ಎಲ್ಲರೂ ಬಗ್ಗಿ ನೋಡಿದರು. ಕುರಿ ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟಿತು, ಹುಲ್ಲು ಮೇಯಿತು, ಬಲಕ್ಕೆ ತಿರುಗಿತು. ತಿರುಗಿದ ಕೂಡಲೇ ನೀಲಿ ಬಲತೊಡೆಗೆ ಹೋಯಿತು.

ಮೂಲೆಯಲ್ಲಿ ಕೂತು ಟೀ ಕುಡಿಯುತ್ತಿದ್ದ ಚಿಕ್ಕರಾಜು ತಲೆ ಎತ್ತಲಿಲ್ಲ. ಲೋಟಕ್ಕೆ ಹೇಳುವವನಂತೆ, "ತಿರುಗಿದ್ಮೇಲೆ ನಮ್ದೇ ಆಯ್ತಲ್ಲ. ಮನುಷ್ಯರ್ಗೆ ಮರ್ತೋದ್ರೂ ಕುರಿಗೆ ಗೊತ್ತಿರ್ತದೆ" ಅಂದ.

ಅಂಗಡಿಯೆಲ್ಲ ನಕ್ಕಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದು ಹೇಗೆ? ಎರಡು ದಿನದಲ್ಲಿ ಊರಿನ ಹುಡುಗರೆಲ್ಲ ಆ ಆಟ ಹಾಕಿಕೊಂಡರು. ಮಂಚಯ್ಯ ಮಂದೆ ಹೊಡೆದುಕೊಂಡು ಹೋಗುವಾಗ ಯಾರಾದರೊಬ್ಬರು "ಬಲಕ್ಕ್ ತಿರುಗ್ಸಬೇಡಿ ಮಂಚಣ್ಣ, ತಮ್ಮಂದಾಗ್ಬುಡ್ತದೆ" ಅನ್ನುವುದು ವಾಡಿಕೆಯಾಯಿತು.

ಒಂದು ಮಧ್ಯಾಹ್ನ ಅವನೇ ಡೈರಿಗೆ ಬಂದ. ಬಂದವನು ಬಾಗಿಲಲ್ಲೇ ನಿಂತ. ಶಾಂಭವಿ ಕುರ್ಚಿ ಎಳೆದಳು.

"ಕೂತ್ಕಳಿ ಮಂಚಣ್ಣ."

"ಕೂರಾಕ್ ಬಂದಿಲ್ಲ ಕಣವ್ವ. ಆ ಕುರಿನ ನೀನೇ ಬರ್ದಿದ್ದಂತೆ?"

"ಹೂಂ, ನಾನೇ."

"ಚೆನ್ನಾಗೇ ಬರ್ದಿದ್ದೀಯ. ಕಿವಿ ನಮ್ ಕುರಿ ಕಿವಿನೇಯ. ಈಗ ಅದ್ನ ವಾಪಸ್ ತಕೊಂಡ್ಬುಡು."

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಶಾಂಭವಿ ತನಗೆ ಗೊತ್ತಿದ್ದಷ್ಟು ಬಿಡಿಸಿ ಹೇಳಿದಳು. ಇದು ಕನ್ನಡಿಯ ಆಟ, ಬೇಕೆಂದು ಮಾಡಿದ್ದಲ್ಲ, ನನ್ನ ಹತ್ತಿರ ಇರುವುದನ್ನು ಅಳಿಸಬಹುದು, ಹೊರಗೆ ಹೋದದ್ದನ್ನು ತರುವುದಕ್ಕಾಗುವುದಿಲ್ಲ.

"ಯಾಕಾಗಲ್ಲ? ಯಾರಿಗ್ ಕೊಟ್ಟಿದ್ದೀಯ ಹೇಳು, ನಾನೇ ಹೋಗ್ ಕೇಳ್ತೀನಿ."

"ಎಲ್ಲಾರ್ಗೂ ಕೊಟ್ಬಿಟ್ಟಿದ್ದೀನಿ ಮಂಚಣ್ಣ."

"ಎಲ್ಲಾರ್ಗೂ ಅಂದ್ರೆ ಯಾರ್ಗೆ?"

"ದೇವ್ರ ಹೆಸರಲ್ಲಿ ಬಸವನ್ನ ಬಿಡ್ತಾರಲ್ಲ, ಹಂಗೆ. ಬಿಟ್ಟಾದ್ಮೇಲೆ ಅದು ಯಾರ್ ಹೊಲದಲ್ಲಾದ್ರೂ ಮೇಯ್ತದೆ. ನಮ್ದು ಅಂತ ಹಗ್ಗ ಹಾಕಿ ಎಳ್ಕೊಂಡ್ ಬರಕ್ಕಾಗಲ್ಲ."

ಮಂಚಯ್ಯನಿಗೆ ಅದು ಅರ್ಥವಾಯಿತು. ಅರ್ಥವಾದದ್ದೇ ಕಷ್ಟವಾಯಿತು. ಹೆಗಲ ಮೇಲಿನ ಟವಲು ತೆಗೆದು ಕತ್ತು ಒರೆಸಿಕೊಂಡ.

"ಬಸವಂಗೂ ಮುದ್ರೆ ಒತ್ತೇ ಬುಡಾದು ಕಣವ್ವ. ಯಾರ್ ಮನೇದು ಅಂತ ಸುತ್ತ ಹತ್ತೂರ್ಗೂ ಗೊತ್ತಿರ್ತದೆ. ನಿನ್ ಹೆಸ್ರ್ ಐತಾ ಇದ್ರಲ್ಲಿ?"

"ಇಲ್ಲ. ಹೆಸರು ಬೇಡ ಅಂತ ನಾನೇ ಬರ್ದಿದ್ದೀನಿ."

"ಅದ್ಕೇಯ. ನಿನ್ ಮುದ್ರೆ ಒತ್ಲಿಲ್ಲ. ನಂದ್ ಒತ್ತಿ ಬುಟ್ಬುಟ್ಟೆ."

ಅಷ್ಟು ಹೇಳಿ ಹೊರಟುಹೋದ. ಶಾಂಭವಿ ಕೂತಲ್ಲೇ ಕೂತಳು. ನಾಚಿಕೆಯಾಯಿತು. ತನ್ನದೆಂದುಕೊಂಡು ಧಾರಾಳವಾಗಿ ಹಂಚಿದ್ದರಲ್ಲಿ ತನ್ನದಲ್ಲದ ಒಂದು ಇತ್ತು, ಅದನ್ನು ಕೊಡುವುದಕ್ಕೆ ಅವಳು ಯಾರು? ಮೂರು ಚೌಕ ನೀಲಿ. ಚಂದ ಕಂಡಿತು ಅಂತ ಹಾಕಿದ್ದು.

ಆಟ ಮಾಡಿದವನಿಗೆ ಅವಳು ಬರೆದಳು. ತನಗೆ ಬರುವ ಇಂಗ್ಲಿಷಿನಲ್ಲಿ, ಕುರಿಯ ಬಲಮಗ್ಗುಲಲ್ಲಿ ಗುರುತು ಇರಬಾರದು, ದಯವಿಟ್ಟು ಸರಿ ಮಾಡಿ ಅಂದಳು. ಯಾಕೆ ಅನ್ನುವುದನ್ನೂ ಬರೆಯಲು ಹೋಗಿ, ಅಣ್ಣ, ತಮ್ಮ, ಪಾಲು, ಕೆರೆ, ಕರ್ಪೂರ ಎಲ್ಲ ಒಂದರ ಮೇಲೊಂದು ಬಿದ್ದು ಗೋಜಲಾದಾಗ ಅಳಿಸಿಹಾಕಿದಳು. ಅವನು ಒಳ್ಳೆಯವನೇ. ಬೇಗ ಉತ್ತರ ಕೊಟ್ಟ. ಬಲಕ್ಕೆ ತಿರುಗಿದ ಕುರಿಯನ್ನು ಬೇರೆಯಾಗಿ ಬರೆದುಕೊಟ್ಟರೆ ಖಂಡಿತ ಹಾಕುತ್ತೇನೆ, ನಿಮ್ಮ ಕುರಿ ಅಂದರೆ ನನ್ನ ಮಗಳಿಗೆ ಪ್ರಾಣ ಅಂತ.

ಸರಿ, ಬರೆಯಲು ಕೂತಳು. ಒಂದು ಕುರಿ ಅಂದರೆ ಒಂದು ಚಿತ್ರವಲ್ಲ. ನಡೆಯುವಾಗ ಕಾಲು ಎತ್ತಿದ್ದು, ಇಳಿಸಿದ್ದು, ಮೇಯಲು ಕತ್ತು ಬಗ್ಗಿಸಿದ್ದು, ಅಗಿಯುವುದು, ಮಲಗುವುದು, ಏಳುವುದು, ಬೆದರಿ ಓಡುವುದು. ಜೊತೆಗೆ ಮರಿ. ಹಿಮದಲ್ಲಿ ನಿಂತ ಕುರಿ ಬೇರೆ, ಅದೊಂದು ಕರ್ಮ. ಎಲ್ಲವನ್ನೂ ಬಲಕ್ಕೆ ತಿರುಗಿಸಿ, ನೀಲಿ ಅಳಿಸಿ, ಅಳಿಸಿದ ಜಾಗದಲ್ಲಿ ಮೈ ಬೋಳಾಗಿ ಕಾಣದಂತೆ ನೆರಳು ತಿದ್ದಬೇಕು. ವಾರಗಟ್ಟಲೆ ಮಧ್ಯಾಹ್ನಗಳು ಅದಕ್ಕೇ ಹೋದವು. ಬೆಳಿಗ್ಗೆ ಹಾಲು, ಮಧ್ಯಾಹ್ನ ಕುರಿ, ಸಂಜೆ ಹಾಲು, ಆಮೇಲೆ ಮನೆ. ಕಣ್ಣು ಉರಿಯುತ್ತಿತ್ತು, ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಮಧ್ಯೆ ಯಾರೋ ಒಬ್ಬ, ಹಂಚಿನ ಮನೆಗೆ ಹೊಗೆಕೊಳವೆ ಯಾವಾಗ ಬರುತ್ತದೆ ಅಂತ ಮೂರನೆಯ ಸಲ ಕೇಳಿದ್ದ. ಅವನಿಗೆ ಉತ್ತರ ಕೊಡಲಿಲ್ಲ. ಯಾಕೆ ಇದನ್ನು ಮಾಡುತ್ತಿದ್ದೇನೆ ಅಂತ ತನ್ನನ್ನೇ ಕೇಳಿಕೊಂಡಾಗಲೆಲ್ಲ ಅವಳಿಗೆ ಬಾಗಿಲಲ್ಲಿ ಕತ್ತು ಒರೆಸಿಕೊಂಡ ಮಂಚಯ್ಯ ಕಾಣುತ್ತಿದ್ದ. ಸಂಜೆ ಮಂದೆ ತಿರುಗುವ ಹೊತ್ತಿಗೆ ಈಗ ಅವಳು ಕ್ಯಾನು ಬಿಟ್ಟು ಕಿಟಕಿಗೆ ಬಂದು ನಿಲ್ಲುತ್ತಿದ್ದಳು. ಬಲಮಗ್ಗುಲು ಬರೀ ಧೂಳು ಬಣ್ಣ, ಏನೂ ಇರಲಿಲ್ಲ. ಮಂಚಯ್ಯ ಅವಳ ಕಡೆ ನೋಡದೆ ಹೋಗುತ್ತಿದ್ದ.

ಮುಗಿಸಿ ಕಳಿಸಿದಳು. ಆಟದವನು ಮಾತಿಗೆ ತಪ್ಪದೆ ಹೊಸ ಕುರಿಯನ್ನು ಹಾಕಿದ. ಸಿಂಧುವಿನ ಮೊಬೈಲಿನಲ್ಲಿ ಇಬ್ಬರೂ ಕೂತು ನೋಡಿದರು. ಎಡಕ್ಕೆ ಹೋಗುವಾಗ ನೀಲಿ, ಬಲಕ್ಕೆ ತಿರುಗಿದರೆ ಬಿಳಿ. "ಅಪ್ಪಂಗೆ ತೋರಿಸ್ತೀನಿ" ಅಂತ ಸಿಂಧು ಓಡಿದಳು. ಆ ದಿನ ಸಂಜೆ ಮಂದೆ ಹಾದುಹೋಗುವಾಗ ಮಂಚಯ್ಯ ಕಿಟಕಿಯ ಕಡೆ ನೋಡಿ ಗೋಣು ಹಾಕಿದ. ಶಾಂಭವಿ ಮನೆಗೆ ಹೋಗಿ ಊಟ ಮಾಡಿದವಳೇ ಮಲಗಿಬಿಟ್ಟಳು.

ಆ ನೆಮ್ಮದಿ ಒಂದು ವಾರವೂ ಬಾಳಲಿಲ್ಲ. ಆಟದವನಿಂದ ಇನ್ನೊಂದು ಮಾತು ಬಂತು, ತುಂಬ ಸಂತೋಷದಿಂದ ಬರೆದಿದ್ದ. ಆಡುವವರೆಲ್ಲ ದೂರು ಕೊಡುತ್ತಿದ್ದಾರೆ, ಕುರಿ ತಿರುಗಿದಾಗ ಗುರುತು ಮಾಯವಾಗುವುದು ತಪ್ಪು ಅಂದುಕೊಂಡಿದ್ದಾರೆ. ನೀವು ಪಾಪ ಅಷ್ಟು ಕಷ್ಟಪಟ್ಟಿದ್ದೀರಿ, ನಿಮಗೆ ಮತ್ತೆ ತೊಂದರೆ ಕೊಡುವುದು ಬೇಡ ಅಂತ ನಾನೇ ಸರಿ ಮಾಡಿದ್ದೇನೆ. ನೀವು ಹೊಸದಾಗಿ ಬರೆದ ಬಲಮಗ್ಗುಲಿಗೆ ನೀಲಿ ಹಾಕಿದ್ದೇನೆ. ನೀವು ಹಂಚಿದ ಹಾಗೆಯೇ ನಾನೂ ಅದನ್ನು ಎಲ್ಲರಿಗೂ ಪುಕ್ಕಟೆ ಹಂಚಿದ್ದೇನೆ. ನಿಮ್ಮಿಂದಲೇ ಕಲಿತದ್ದು.

ಶಾಂಭವಿ ಅದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿದಳು. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ. ತಿದ್ದಿಕೊಳ್ಳಿ ಅಂದವಳು ಅವಳೇ. ಜನ ಈಗ ಅವಳ ಕಟ್ಟನ್ನು ಬಿಟ್ಟು ಅವನ ಕಟ್ಟನ್ನೇ ತೆಗೆದುಕೊಳ್ಳುತ್ತಿದ್ದರು. ಎರಡು ದಿನದೊಳಗೆ ಇನ್ಯಾವುದೋ ಎರಡು ಆಟಕ್ಕೂ ಆ ಕುರಿ ಹೋಗಿಯಾಗಿತ್ತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಕಸುವು ಬೇಕು.

ಊರಿನವರು ನೋಡಿ ನಗುವ ಮುಂಚೆ ಮಂಚಯ್ಯನಿಗೆ ತಾನೇ ಹೇಳಿಬಿಡಬೇಕು ಅಂತ ಡೈರಿಗೆ ಬೀಗ ಹಾಕಿ ಹೊರಟಳು. ಅವನ ಕುರಿದೊಡ್ಡಿ ಊರಾಚೆ, ಕೆರೆಯ ಏರಿಯ ಪಕ್ಕ. ಬಿಸಿಲು ಚುರುಗುಟ್ಟುತ್ತಿತ್ತು. ಏನು ಹೇಳುವುದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು, ಯಾವುದೂ ನಿಲ್ಲಲಿಲ್ಲ.

ಮಂದೆ ಆ ದಿನ ಗುಡ್ಡಕ್ಕೆ ಹೋಗಿರಲಿಲ್ಲ. ಮಳೆಗಾಲಕ್ಕೆ ಮಾಸಿದ ಗುರುತನ್ನು ಹೊಸದಾಗಿ ಬಳಿಯುವ ದಿನ. ಮಾಯಮ್ಮ ಒಂದೊಂದೇ ಕುರಿಯನ್ನು ಕತ್ತು ಹಿಡಿದು ನಿಲ್ಲಿಸುತ್ತಿದ್ದಳು. ಮಂಚಯ್ಯ ಬಟ್ಟೆ ಸುತ್ತಿದ ಕಡ್ಡಿಯನ್ನು ಬಣ್ಣದ ಡಬ್ಬಿಯಲ್ಲಿ ಅದ್ದಿ ಬಳಿಯುತ್ತಿದ್ದ. ಎಡತೊಡೆಗೆ ಬಳಿದ. ಕುರಿಯ ಹಿಂದಿನಿಂದ ಸುತ್ತಿ ಬಂದು ಬಲತೊಡೆಗೂ ಬಳಿದ.

ಶಾಂಭವಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಸಿಂಧು ಬೆಳಿಗ್ಗೇನೇ ತೋರಿಸಿದ್ಲು ಬುಡು. ಮತ್ತೆ ಬಲಕ್ಕೋಗೈತೆ" ಅಂದ ಮಂಚಯ್ಯ, ಕೈ ನಿಲ್ಲಿಸದೆ. "ನೀನೂ ಎಷ್ಟ್ ಅಂತ ಬರೀತೀಯ? ಲೋಕದಲ್ಲಿರೋ ಕುರಿನೆಲ್ಲ ಹಿಡ್ದು ಒರ್ಸಕ್ಕಾಯ್ತದಾ? ನನ್ ಕುರಿ ನನ್ ಕೈಯಾಗ್ ಐತೆ. ಇನ್ ಮೇಲೆ ನಿನ್ ಕುರಿನ ಎತ್ಲಾಗ್ ಬೇಕಾದ್ರೂ ತಿರುಗ್ಸ್ಕೊ."

ವಾರಗಟ್ಟಲೆ ಮಧ್ಯಾಹ್ನಗಳು ಶಾಂಭವಿಯ ಕಣ್ಣ ಮುಂದೆ ಬಂದು ಹೋದವು. ಎರಡೂ ಕಡೆ ಗುರುತಿರುವ ಕುರಿಯನ್ನು ಬೇರೆಯಾಗಿ ಬರೆಯಬೇಕಾಗಿಯೇ ಇರಲಿಲ್ಲ, ಕನ್ನಡಿಯೇ ಸಾಕಿತ್ತು. ನಗಬೇಕೋ ಬೈಯಬೇಕೋ ತಿಳಿಯದೆ ಅವಳು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು.

"ಇವ್ರಿಗೆ ಬುದ್ಧಿ ಕೆಟ್ಟೈತೆ ಕಣಕ್ಕ" ಅಂದಳು ಮಾಯಮ್ಮ. "ಆ ಕಡೀಕ್ ಬಳುದ್ರೆ ಅವ್ನು ಸುಮ್ಕಿದ್ದಾನಾ? ನಾಳಿಕ್ ಪಂಚಾಯ್ತಿ ಮಾಡ್ತಾನೆ."

ನಾಳೆಯ ತನಕ ಕಾಯಬೇಕಾಗಲಿಲ್ಲ. ಚಿಕ್ಕರಾಜು ಏರಿಯ ಮೇಲಿಂದ ತನ್ನ ಮಂದೆಯನ್ನು ಕೆರೆಗೆ ಹೊಡೆದುಕೊಂಡು ಬರುತ್ತಿದ್ದ. ದೂರದಿಂದಲೇ ಕಂಡಿರಬೇಕು. ಕುರಿಗಳನ್ನು ಅಲ್ಲೇ ಬಿಟ್ಟು ಇಳಿದುಬಂದು ಮುಳ್ಳುಬೇಲಿಯ ಆಚೆ ನಿಂತ. ಮುಖ ಕೆಂಪಾಗಿತ್ತು. ಮಾತು ಬಿಟ್ಟವರ ರೂಢಿಯಂತೆ ಅಣ್ಣನ ಕಡೆ ನೋಡದೆ ಅತ್ತಿಗೆಗೆ ಹೇಳಿದ.

"ಅತ್ತಿಗೆ, ನನ್ ಕಡೀಕ್ ಯಾಕ್ ಬಳೀತಾವ್ರೆ ಅಂತ ಕೇಳು."

"ಅದು ಅವ್ನ್ ಕಡೇನೂ ಅಲ್ಲ, ನನ್ ಕಡೇನೂ ಅಲ್ಲ, ಅಪ್ಪನ್ ಗುರುತು ಅಂತ ಹೇಳು" ಅಂದ ಮಂಚಯ್ಯ.

"ಪಾಲಾದ್ ಮೇಲೆ ಅಪ್ಪನ್ ಗುರುತು ಎಲ್ಲಿ ಬಂತು ಅಂತ ಕೇಳು."

ಮಾಯಮ್ಮ ಹಿಡಿದಿದ್ದ ಕುರಿಯನ್ನು ಬಿಟ್ಟುಬಿಟ್ಟಳು. "ನೀವಿಬ್ರೂ ನನ್ನ ಏನ್ ಪೋಸ್ಟಾಫೀಸು ಅನ್ಕೊಂಡಿದೀರಾ? ಎದ್ರುಬದ್ರು ನಿಂತವ್ರೆ, ಮಾತ್ ಮಾತ್ರ ನನ್ ಮೇಲ್ ಹಾಯ್ಸಬೇಕು. ನಂಗೂ ಸಾಕಾಗೋಗೈತೆ."

ಬಿಟ್ಟ ಕುರಿ ಹಸಿ ಬಣ್ಣವನ್ನು ಬೇಲಿಗೆ ತಿಕ್ಕಿಕೊಂಡು ಹೋಯಿತು. ಮಂಚಯ್ಯ ಕಡ್ಡಿ ಹಿಡಿದುಕೊಂಡೇ ನೆಟ್ಟಗೆ ನಿಂತ. ತಮ್ಮನ ಕಡೆ ನೇರವಾಗಿ ನೋಡಿದ.

"ಅವತ್ ನಾನ್ ಬಳೀಲಿಲ್ಲ ಕಣ್ಲಾ, ರಾಜು. ಇವತ್ ಬಳೀತಿವ್ನಿ. ನಿನ್ ಕಣ್ಮುಂದೇನೇ ಬಳೀತಿವ್ನಿ. ಕದ್ದು ಬಳ್ದೋನು ಹಿಂಗ್ ಹಗಲಾಗೆ ಊರ್ ನೋಡ್ಲಿ ಅಂತ ಬಳೀತಾನಾ?"

ಚಿಕ್ಕರಾಜು ಅಣ್ಣನ ಕೈಯಲ್ಲಿದ್ದ ಕಡ್ಡಿಯನ್ನೇ ನೋಡಿದ. ಶಾಂಭವಿಗೆ ಎದ್ದು ಹೋಗಬೇಕು ಅನ್ನಿಸಿತು, ಆದರೆ ಎದ್ದರೆ ಸದ್ದಾಗುತ್ತದೆ ಅಂತ ಹಾಗೇ ಕೂತಿದ್ದಳು. ಅಷ್ಟರಲ್ಲಿ ಅವನು ಬಿಟ್ಟುಬಂದ ಕುರಿಗಳು ಕಾಯುವವರಿಲ್ಲದೆ ಒಂದೊಂದಾಗಿ ಏರಿ ಇಳಿದು ಬೇಲಿಯ ಹತ್ತಿರ ಬಂದವು. ಬೇಲಿಯ ಒಳಗೂ ಬಲತೊಡೆ ನೀಲಿ, ಹೊರಗೂ ಬಲತೊಡೆ ನೀಲಿ.

"ಹಂಗಾದ್ರೆ ಬೆರ್ತೋದಾಗ ಯಾವ್ದ್ ನಿಂದು ಯಾವ್ದ್ ನಂದು ಅಂತ ಎಂಗಣ್ಣ ಗೊತ್ತಾಗಾದು?" ಅಂದ ಚಿಕ್ಕರಾಜು. ಅತ್ತಿಗೆಗಲ್ಲ, ಅಣ್ಣನಿಗೇ.

"ಗೊತ್ತಾಗ್ದಿದ್ರೆ ಬಂದ್ ಕೇಳು."

ಚಿಕ್ಕರಾಜು ತನ್ನ ಕುರಿಗಳನ್ನು ನೋಡಿದ, ಅಣ್ಣನವನ್ನು ನೋಡಿದ. ಟವಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಡಬ್ಬಿಯ ಕಡೆ ಗಲ್ಲ ತೋರಿಸಿ, ಬೇರೆ ಯಾವುದೋ ವಿಚಾರ ಕೇಳುವವನಂತೆ ಕೇಳಿದ.

"ಬಣ್ಣ ಮಿಕ್ಕೈತಾ?"

ಮಂಚಯ್ಯ ಡಬ್ಬಿಯನ್ನು ವಾಲಿಸಿ ಒಳಗೆ ನೋಡಿದ.

"ಒಸಿ ಐತೆ. ನಿಂಗ್ ಎಡಗಡೆ ಒಂದೇ ತಾನೆ? ಸಾಕಾಯ್ತದೆ ಬಾ."